ಮಾರ್ವಾ ಹಾಡಿದ ಭಾನುವಾರ

ಕೋಲ್ಕತ್ತ
3 ಆಗಸ್ಟ್ 2025

ಪ್ರೀತಿಯ ಲೀಲಾ,

ಕಾಗದ ತಡವಾಯಿತು, ಬೈಯಬೇಡ. ಫೋನ್ ಮುಟ್ಟುವುದಿಲ್ಲ ಎಂದು ಹಠ ಹಿಡಿದು ಕೂತವಳು ನೀನು, ಬರೆದು ಬರೆದು ಬೆರಳು ನೋಯಿಸಿಕೊಳ್ಳುವವಳು ನಾನು. ನಮ್ಮ ಯಜಮಾನರು ನಗುತ್ತಾರೆ. "ಇಡೀ ಲೇಕ್ ಮಾರ್ಕೆಟ್ಟಿನಲ್ಲಿ ಅಂಚೆ ಚೀಟಿ ಕೊಳ್ಳುವವಳು ನೀನೊಬ್ಬಳೇ ಮಾರಾಯ್ತಿ" ಅನ್ನುತ್ತಾರೆ.

ವಿಷಯ ಏನೆಂದರೆ, ನಮ್ಮ ಭಾನುವಾರದ ಸಂಗೀತದ ಬೈಠಕ್ಕಿಗೆ ಹತ್ತು ವರ್ಷ ತುಂಬಿತು. ನಮ್ಮ ಹೋಟೆಲಿನ ಮಹಡಿಯಲ್ಲಿ ಊಟದ ಮೇಜುಗಳನ್ನು ಗೋಡೆಗೆ ಸರಿಸಿ ಜಮಖಾನೆ ಹಾಸಿದ ಮೊದಲ ಸಂಜೆ ನಿನಗೆ ನೆನಪಿರಬೇಕು. ಹಾಡುವವರಿಗಿಂತ ತಲೆ ಅಲ್ಲಾಡಿಸಲು ನೀನೇ ಮೊದಲು ಬಂದು ಕೂತಿದ್ದೆ. ಈಗ ಬಂಗಾಳಿಗಳೂ ಬರುತ್ತಾರೆ, ಸೆಕ್ಟರ್ ಫೈವ್‌ನ ಸಾಫ್ಟ್‌ವೇರ್ ಕಂಪನಿಗಳ ಕನ್ನಡದ ಹುಡುಗರೂ ಬರುತ್ತಾರೆ. ಪ್ರತಿ ಕಚೇರಿಯನ್ನೂ ರೆಕಾರ್ಡ್ ಮಾಡುತ್ತಾನಲ್ಲ ಹೃಷಿಕೇಶ್, ಅವನದೇ ಈ ಯೋಚನೆ: ಹತ್ತು ವರ್ಷದಲ್ಲಿ ಇಲ್ಲಿ ಕೇಳಿದ ಕಚೇರಿಗಳಲ್ಲಿ ಎಲ್ಲಕ್ಕಿಂತ ಒಳ್ಳೆಯದು ಯಾವುದೆಂದು ಎಲ್ಲರೂ ಮತ ಹಾಕಬೇಕು. ವಾಟ್ಸ್‌ಆ್ಯಪ್‌ನಲ್ಲಿ ಕೇಳಿದರೆ ಒಬ್ಬರು ಹೇಳಿದ್ದಕ್ಕೆ ಉಳಿದವರೆಲ್ಲ ಹೆಬ್ಬೆರಳು ತೋರಿಸಿ ಸುಮ್ಮನಾಗುತ್ತಾರೆ. ಅದಕ್ಕೇ ಕೈಬರಹದಲ್ಲಿ, ಕಾರಣ ಸಮೇತ, ಲಕೋಟೆಯಲ್ಲಿ. ನವೆಂಬರಿನ ಬೈಠಕ್ಕಿನಲ್ಲಿ ನಾನು ಒಂದೊಂದೇ ಒಡೆದು, ಒಂದಕ್ಷರ ಬಿಡದೆ, ಎಲ್ಲರೆದುರು ಗಟ್ಟಿಯಾಗಿ ಓದಬೇಕು. ಹಾಗೆಂದು ಎಲ್ಲರೂ ಸೇರಿ ನಿಯಮ ಮಾಡಿದ್ದಾರೆ.

ಹತ್ತು ಕಚೇರಿಗಳನ್ನು ಆರಿಸಿ ಪೆನ್‌ಡ್ರೈವ್‌ನಲ್ಲಿ ಹಾಕಿ ಕಳಿಸುತ್ತಿದ್ದಾನೆ. ಅದರಲ್ಲಿ ಕೃಷ್ಣವೇಣಿಯವರು ಹಾಡಿದ ಮಾರ್ವಾ ರಾಗ ಇದೆ, 2019ರ ನವೆಂಬರಿನದು. ನಿಮ್ಮ ಯಜಮಾನರು ರಂಗನಾಥರು ತೀರಿಹೋದ ಸಂಜೆಯದು. ಅದನ್ನು ನೀನು ಕೇಳಬೇಕಾಗಿಲ್ಲ. ಉಳಿದವುಗಳಲ್ಲಿ ಆರಿಸು.

ನಿನ್ನ ಮಗಳು ಮಾನ್ಯ ಚೆನ್ನಾಗಿದ್ದಾಳೆ. ಭಾನುವಾರ ಊಟಕ್ಕೆ ತಪ್ಪಿಸುವುದಿಲ್ಲ. ನಿನ್ನ ಸುದ್ದಿ ಎತ್ತಿದರೆ ಈಗಲೂ ಎದ್ದು ಕೈ ತೊಳೆಯಲು ಹೋಗುತ್ತಾಳೆ. ನಾನು ಬಲವಂತ ಮಾಡುವುದಿಲ್ಲ.

ನಿನ್ನ
ರತ್ನಾವತಿ


ಮೈಸೂರು
17 ಆಗಸ್ಟ್ 2025

ರತ್ನಕ್ಕ,

ಪೆನ್‌ಡ್ರೈವ್ ಬಂತು. ತಂಗಿ ಶೋಭನಾಳ ಲ್ಯಾಪ್‌ಟಾಪ್ ನನ್ನ ವಶವಾಗಿದೆ. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತರೆ ಅವಳಿಗೆ ಸಂಕಟ. "ಅಕ್ಕ, ಒಬ್ಬಳೇ ಕೂತ್ಕೊಂಡು ವ್ಹಾ ವ್ಹಾ ಅಂತೀಯಲ್ಲ, ಪಕ್ಕದ್ಮನೆಯವ್ರು ಏನಂದ್ಕೋತಾರೆ?" ಅನ್ನುತ್ತಾಳೆ.

ಮತ ಹಾಕುತ್ತೇನೆ. ಸಿತಾರಿನ ಹುಡುಗನಿಗೆ ಮಾತ್ರ ಹಾಕುವುದಿಲ್ಲ, ಅವನದು ಕೈ ಬಹಳ, ಮನಸ್ಸು ಕಡಿಮೆ. ಸಾರಂಗಿಯ ಮುದುಕರನ್ನು ಎರಡನೆಯದಕ್ಕೆ ಇಟ್ಟುಕೊಂಡಿದ್ದೇನೆ. ನೀವು ಬೇಡ ಅಂದದ್ದನ್ನೇ ಮೊದಲು ಕೇಳಿದೆ, ನನ್ನ ಬುದ್ಧಿ ನಿಮಗೆ ಗೊತ್ತಲ್ಲ.

ಇಷ್ಟು ವರ್ಷ ಆ ರಾಗದ ಹೆಸರು ಕೇಳಿದರೂ ಎದ್ದು ಹೋಗುತ್ತಿದ್ದೆ. ಈಗ ಕೇಳಿದೆ, ಸಾಯಲಿಲ್ಲ. ನಿಯಮದಂತೆ ಫೋನನ್ನು ಸೈಲೆಂಟ್ ಮಾಡಿ, ಎಲ್ಲರ ಫೋನಿಗೆಂದು ಬಾಗಿಲಾಚೆ ನೀವು ಇಡುತ್ತಿದ್ದ ಖಾಲಿ ದೋಸೆ ಹಿಟ್ಟಿನ ಪಾತ್ರೆಗೆ ಹಾಕಿ ಒಳಗೆ ಬಂದು ಕೂತವಳು ನಾನು. ಡಮ್ ಡಮ್‌ನ ನಮ್ಮ ಮನೆಯಲ್ಲಿ ಇವರು ಎದೆ ಹಿಡಿದುಕೊಂಡು ಫೋನಿನಲ್ಲಿ ಮೂರು ಸಲ ಕರೆದರು. ಪಾತ್ರೆಯಿಂದ ಫೋನ್ ಎತ್ತಿಕೊಂಡಾಗ ಅದು ಸೈಲೆಂಟಿನಲ್ಲೇ ಇತ್ತು. ಸ್ವಲ್ಪ ಮೊದಲು ತಂದಿದ್ದರೆ ನೋಡಬಹುದಿತ್ತು ಎಂದು ಡಾಕ್ಟರು ಅಂದರಲ್ಲ, ಆ ಮಾತಿನ ಜೊತೆ ನಾನು ಸಂಸಾರ ಮಾಡುತ್ತಿದ್ದೇನೆ. "ಅಪ್ಪ ಕರೆದಾಗ ನೀನು ರಾಗ ಕೇಳ್ತಿದ್ದೆ" ಎಂದು ಮಾನ್ಯ ಬರೆದ ಒಂದೇ ಸಾಲಿನ ಕಾಗದವನ್ನು ಇನ್ನೂ ಇಟ್ಟುಕೊಂಡಿದ್ದೇನೆ.

ಆ ಫೋನನ್ನು ಅಸ್ಥಿ ಬಿಟ್ಟ ದಿನ ಗಂಗೆಗೆ ಎಸೆದದ್ದು ನಿಮಗೆ ಗೊತ್ತು. ಎಸೆದ ಮೇಲೆ ನೆನಪಾಯಿತು. ನಾನು ಫೋನ್ ಎತ್ತುವುದಿಲ್ಲ ಎಂದು ಇವರು ರೇಗಿ, ತಮ್ಮ ಕರೆಗೆಂದೇ ತಮ್ಮ ದನಿಯನ್ನೇ ರಿಂಗ್ ಮಾಡಿ ಇಟ್ಟಿದ್ದರು: "ಲೀಲಾ, ಫೋನ್ ತಗೊಳ್ಳೇ. ಸಂಗೀತ ಎಲ್ಲೂ ಓಡ್ಹೋಗಲ್ಲ." ಅದೂ ನೀರಿಗೆ ಹೋಯಿತು. ಅವರ ದನಿ ಈಗ ನನ್ನ ಹತ್ತಿರ ಎಲ್ಲೂ ಇಲ್ಲ.

ಇರಲಿ. ಒಂದು ಕೆಲಸ ಆಗಬೇಕು. ಹೃಷಿಕೇಶ್ ಈ ರೆಕಾರ್ಡಿಂಗನ್ನು ಒಗೆದು ಇಸ್ತ್ರಿ ಮಾಡಿಬಿಟ್ಟಿದ್ದಾನೆ. ತಂಬೂರಿಯ ಗುಂಗು ಸತ್ತುಹೋಗಿದೆ. ಆ ದಿನ ಮೆಟ್ಟಿಲ ಹತ್ತಿರ ಇನ್ನೊಂದು ಮೈಕು ಇಟ್ಟಿದ್ದ, ದನಿ ಮಹಡಿ ಮೆಟ್ಟಿಲಲ್ಲಿ ಸುತ್ತಾಡುವುದನ್ನು ಹಿಡಿಯಬೇಕು ಅಂತ. ಆ ಮೈಕಿನದ್ದು ಬೇಕು. ಮತ ಹಾಕುವುದಾದರೆ ಒಗೆಯದ ದನಿ ಕೇಳಿ ಹಾಕುತ್ತೇನೆ.

ಲೀಲಾ


ಕೋಲ್ಕತ್ತ
2 ಸೆಪ್ಟೆಂಬರ್ 2025

ಪ್ರೀತಿಯ ಲೀಲಾ,

ನೀನು ಕೇಳಿದ ಮೂಲ ರೆಕಾರ್ಡಿಂಗ್ ಈಗ ಇಲ್ಲ. ಹೃಷಿಕೇಶನ ಹಳೆಯ ಕಂಪ್ಯೂಟರ್ ಕೆಟ್ಟಾಗ ಎಲ್ಲ ಹೋಯಿತಂತೆ. ಮೆಟ್ಟಿಲ ಹತ್ತಿರದ ಮೈಕಿನಲ್ಲಿ ಇದ್ದದ್ದಾದರೂ ಏನು, ಅಡುಗೆಮನೆಯ ಪಾತ್ರೆ ಸದ್ದು, ಕೆಳಗಿನ ರಿಕ್ಷಾಗಳ ಪೀಂ ಪೀಂ. ಕಳಿಸಿದ್ದರಲ್ಲೇ ತೃಪ್ತಿಪಡು.

ಇಲ್ಲಿ ದುರ್ಗಾಪೂಜೆಯ ಗಡಿಬಿಡಿ ಶುರುವಾಯಿತು. ಎರಡು ಪಂಡಾಲಿನವರು ಅಷ್ಟಮಿ ದಿನದ ಭೋಗದ ನೈವೇದ್ಯಕ್ಕೆ ನಮ್ಮಿಂದಲೇ ಖಿಚುಡಿ ಬೇಕೆಂದು ಕೂತಿದ್ದಾರೆ. ಉಡುಪಿಯವರ ಕೈಯಲ್ಲಿ ಬಂಗಾಳದ ಖಿಚುಡಿ, ಆ ದುರ್ಗೆಯೇ ಕಾಪಾಡಬೇಕು.

ಮಾನ್ಯ ಹೋದ ವಾರ ನೀರುದೋಸೆ ಕೇಳಿ ಮಾಡಿಸಿಕೊಂಡಳು. "ದೊಡ್ಡಮ್ಮ, ಆಫೀಸ್ ಕ್ಯಾಬ್‌ನಲ್ಲಿ ಬರ್ತಾ ಅದ್ರದ್ದೇ ಯೋಚ್ನೆ" ಅಂದಳು. ಆ ಹುಡುಗಿ ನನ್ನನ್ನು ದೊಡ್ಡಮ್ಮ ಅಂದಾಗ ನನಗೆ ಎಂತದೋ ಆಗುತ್ತದೆ. ನಿನಗೆ ಹೊಟ್ಟೆ ಉರಿಸಲು ಬರೆದದ್ದಲ್ಲ, ಅವಳು ಊಟ ಮಾಡುತ್ತಿದ್ದಾಳೆ ಎಂದು ನಿನಗೆ ತಿಳಿಯಲಿ ಅಂತ.

ಮತವನ್ನು ಬೇಗ ಕಳಿಸಿಬಿಡು. ಸಾರಂಗಿಯವರಿಗೇ ಮೊದಲ ಸ್ಥಾನ ಕೊಡು, ಪಾಪ, ವಯಸ್ಸಾದವರು.

ರತ್ನಾವತಿ


ಮೈಸೂರು
14 ಸೆಪ್ಟೆಂಬರ್ 2025

ರತ್ನಕ್ಕ,

ನಿಮ್ಮನ್ನು ಯಾರೋ ಚೆನ್ನಾಗಿ ಏಮಾರಿಸಿದ್ದಾರೆ. ಶೋಭನಾ ಕೈಲಿ ಹೃಷಿಕೇಶ್‌ಗೆ ಫೋನ್ ಮಾಡಿಸಿದೆ, ಕಂಪ್ಯೂಟರೂ ಕೆಟ್ಟಿಲ್ಲ, ಏನೂ ಹೋಗಿಲ್ಲ. "ಆಂಟಿ, ಆ ಮೈಕ್‌ದು ಗಲಾಟೆ ಜಾಸ್ತಿ ಅಂತ ನಾನು ಕೇಳ್ದೇನೇ ಪಕ್ಕಕ್ಕಿಟ್ಟಿದ್ದೆ. ಹಂಗೇ ಇದೆ, ಕಳಿಸ್ತೀನಿ" ಅಂದನಂತೆ. ಬೆಂಗಳೂರಿನ ಹುಡುಗರಿಗೆ ಏನನ್ನೂ ಎಸೆದು ಗೊತ್ತಿಲ್ಲ. ನೀವು ಅವನನ್ನು ಕೇಳಿದ್ದಾದರೂ ಯಾವಾಗ? ಖಿಚುಡಿ ಕದಡುತ್ತಾ ಕೇಳಿರುತ್ತೀರಿ, ಅವನು ಏನೋ ಹೇಳಿರುತ್ತಾನೆ, ನೀವು ಏನೋ ತಿಳಿದುಕೊಂಡಿರುತ್ತೀರಿ.

ನನ್ನ ಮನಸ್ಸು ನೋಯದಿರಲಿ ಎಂದು ಸುಳ್ಳು ಹೇಳಿದ್ದರೂ ನನಗೆ ಗೊತ್ತಾಗುತ್ತದೆ ಬಿಡಿ. ಇಷ್ಟು ವರ್ಷ ನನ್ನ ಮಗಳಿಗೆ ಅನ್ನ ಹಾಕಿದವರ ಮೇಲೆ ನಾನು ಯಾಕೆ ಸಿಟ್ಟಾಗಲಿ?

ಅವಳಿಗೆ ನೀರುದೋಸೆಯ ಜೊತೆ ಬೆಲ್ಲ ಕಾಯಿ ಕೊಡಿ. ಅವರಪ್ಪ ಹಾಗೇ ತಿನ್ನುತ್ತಿದ್ದರು.

ಲೀಲಾ


ಕೋಲ್ಕತ್ತ
22 ಸೆಪ್ಟೆಂಬರ್ 2025

ಲೀಲಾ,

ಈ ಕಾಗದ ಸ್ಪೀಡ್ ಪೋಸ್ಟಿನಲ್ಲಿ ಹಾಕುತ್ತಿದ್ದೇನೆ. ಹೃಷಿಕೇಶ್ ಕಳಿಸಿದ್ದನ್ನು ಕೇಳಬೇಡ. ನಿನಗಿಂತ ದೊಡ್ಡವಳಾಗಿ ಹೇಳುತ್ತಿದ್ದೇನೆ. ಆ ಸಂಜೆಯನ್ನು ಕೆದಕಿ ಕೆದಕಿ ನಿನಗೆ ಬರುವುದೇನು? ಮೈಕಿನಲ್ಲಿ ಏನೇನೋ ಸದ್ದು ಇರುತ್ತದೆ, ಕೇಳಿದವರು ಏನೇನೋ ಕಲ್ಪಿಸಿಕೊಳ್ಳುತ್ತಾರೆ.

ಪೂಜೆ ಮುಗಿಯಲಿ. ಮಾನ್ಯಳನ್ನು ನಾನೇ ಕರೆದುಕೊಂಡು ಮೈಸೂರಿಗೆ ಬರುತ್ತೇನೆ. ನಾನು ಗಟ್ಟಿಯಾಗಿ ಹೇಳಿದರೆ ಅವಳು ಕೇಳುತ್ತಾಳೆ. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಬೇಡ. ನೀನು ಆ ಪೆನ್‌ಡ್ರೈವನ್ನು ಹಾಗೇ ವಾಪಸು ಕಳಿಸು, ನಾನು ನಿನ್ನ ಮಗಳನ್ನು ನಿನ್ನ ಮುಂದೆ ತಂದು ಕೂರಿಸುತ್ತೇನೆ.

ರತ್ನಾವತಿ


ಮೈಸೂರು
6 ಅಕ್ಟೋಬರ್ 2025

ರತ್ನಾವತಿಯವರಿಗೆ,

ನಿಮ್ಮ ಸ್ಪೀಡ್ ಪೋಸ್ಟಿಗಿಂತ ಮೊದಲೇ ಅದು ಬಂದಿತ್ತು, ಕೇಳಿಯೂ ಆಗಿತ್ತು. ಬರೆಯಲು ಕೈ ಬರಲಿಲ್ಲ, ಅದಕ್ಕೆ ತಡ.

ಮೆಟ್ಟಿಲ ಹತ್ತಿರದ ಮೈಕು ಪಾತ್ರೆಯ ಪಕ್ಕದಲ್ಲೇ ಇತ್ತು. ಕೃಷ್ಣವೇಣಿಯವರು ಕೋಮಲ ರಿಷಭ ಸ್ವರದ ಮೇಲೆ ನಿಂತಿದ್ದಾರೆ, ದೂರದಿಂದ ಬಾಗಿಲು ದಾಟಿ ಬರುತ್ತಿದೆ. ಅದರ ಮೇಲೆ, ಹತ್ತಿರದಲ್ಲಿ, ಸ್ಟೀಲಿನೊಳಗಿಂದ: "ಲೀಲಾ, ಫೋನ್ ತಗೊಳ್ಳೇ. ಸಂಗೀತ ಎಲ್ಲೂ ಓಡ್ಹೋಗಲ್ಲ." ಮತ್ತೆ ಅದೇ. ಮತ್ತೆ ಅದೇ. ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಯಿತು.

ನಾನು ಸೈಲೆಂಟ್ ಮಾಡಿರಲಿಲ್ಲ. ಮರೆತಿದ್ದೆ. ಆ ದಿನ ನಾನು ಮಾಡಿದ ಒಂದೇ ಒಳ್ಳೆ ಕೆಲಸ ಆ ಮರೆವು.

ಎರಡನೆಯ ಸಲ ಕರೆದಾಗ ಬೀಗದಕೈ ಗೊಂಚಲಿನ ಸದ್ದು ಬರುತ್ತದೆ. ನಿಮ್ಮ ಸೊಂಟದ್ದು. ಯಾರೋ ತಟ್ಟೆಯನ್ನು ಪಾತ್ರೆಯ ಮೇಲೆ ಮುಚ್ಚುತ್ತಾರೆ. ಅವರ ದನಿ ಒಳಗೆ ಸಿಕ್ಕಿಕೊಳ್ಳುತ್ತದೆ. ಮೂರನೆಯ ಸಲ ತಟ್ಟೆ ತೆಗೆಯುತ್ತಾರೆ, ಒಂದು ಕ್ಷಣ ಅವರ ದನಿ ಸ್ಪಷ್ಟವಾಗಿ ಬರುತ್ತದೆ. ಆಮೇಲೆ ನಿಮ್ಮ ಮಾತು: "ಎಂತ ಕರ್ಕರೆ ಮಾರಾಯ್ರೆ ಇವರದ್ದು, ಯಾವಾಗಲೂ." ಅಲ್ಲಿಗೆ ಅವರು ಸುಮ್ಮನಾಗುತ್ತಾರೆ. ಹಾಡು ಮುಂದುವರಿಯುತ್ತದೆ.

ಹೆಸರು ನೋಡಿದಿರಿ. ಯಾರು ಎಂದು ಗೊತ್ತಿತ್ತು. ನಿಮ್ಮ ಬೆರಳಿನಿಂದ ಸೈಲೆಂಟ್ ಮಾಡಿದಿರಿ.

ಆಸ್ಪತ್ರೆಯಲ್ಲಿ ನಾನು ಹಣೆ ಚಚ್ಚಿಕೊಂಡು "ನಾನೇ ಸೈಲೆಂಟ್ ಮಾಡ್ಬಿಟ್ಟೆ" ಅಂತ ಅತ್ತಾಗ ನನ್ನ ತಲೆ ನಿಮ್ಮ ತೊಡೆಯ ಮೇಲಿತ್ತು. ನೀವು ಕೂದಲು ನೇವರಿಸುತ್ತಿದ್ದಿರಿ. ನನ್ನ ಮಗಳು ನಿಮ್ಮ ಮೇಜಿನಲ್ಲಿ ಕೂತು, ನನ್ನ ಹೆಸರು ಬಂದಾಗ ಕೈ ತೊಳೆಯಲು ಎದ್ದಾಗಲೂ ನೀವು ಅಲ್ಲೇ ಇದ್ದಿರಿ. ಬಲವಂತ ಮಾಡುವುದಿಲ್ಲ ಎಂದು ಬರೆದಿದ್ದೀರಿ. ಈಗ ಓದಿದರೆ ವಾಕರಿಕೆ ಬರುತ್ತದೆ.

ಲೀಲಾ


ಕೋಲ್ಕತ್ತ
19 ಅಕ್ಟೋಬರ್ 2025

ಲೀಲಾ,

ನಾನೇ. ಇನ್ನೇನು ಬರೆಯಲಿ?

ನೀರಿನ ಲೋಟ ತರಲೆಂದು ಹೊರಗೆ ಬಂದಿದ್ದೆ. ನೆಗಡಿಯೆಂದು ಹಾಡುವುದೇ ಇಲ್ಲ ಅನ್ನುತ್ತಿದ್ದ ಕೃಷ್ಣವೇಣಿಯವರು ಆ ದಿನ ಹೇಗೆ ಹಾಡಿದರು ಎಂದು ನಿನಗೂ ಗೊತ್ತು. ಬಾಗಿಲು ತೆಗೆದು ನಿನ್ನನ್ನು ಕರೆದರೆ ಅದು ಒಡೆದುಹೋಗುತ್ತದೆ ಅನ್ನಿಸಿತು. ರಂಗನಾಥರು ಪ್ರತಿ ಬೈಠಕ್ಕಿಗೂ ಫೋನ್ ಮಾಡುವವರೇ. ಹುಣಸೆಹಣ್ಣು ಎಲ್ಲಿದೆ, ಗ್ಯಾಸ್ ಆರಿಸಿದೆಯಾ, ಎಷ್ಟು ಹೊತ್ತಿಗೆ ಬರುತ್ತೀ. ನೀನೇ ಎಲ್ಲರನ್ನೂ ನಗಿಸುತ್ತಿದ್ದೆ: "ನಮ್ಮನೆಯವ್ರು ಮನೆಗೆ ಬೆಂಕಿ ಬಿದ್ರೂ ಕರೀತಾರೆ, ಉಪ್ಪು ಸಿಗದಿದ್ರೂ ಕರೀತಾರೆ." ನಾನು ಉಪ್ಪು ಅಂದುಕೊಂಡೆ.

ಆಸ್ಪತ್ರೆಯಲ್ಲಿ ನಾನು ಬಾಯಿ ತೆರೆಯುವ ಮೊದಲೇ ನೀನು ನಿನ್ನ ಮೇಲೆ ಹಾಕಿಕೊಂಡೆ. ಮೊದಲು ಹೇಳಲು ಆಗಲಿಲ್ಲ, ಆಮೇಲೆ ಹೇಳುವ ಹಾಗಿರಲಿಲ್ಲ.

ನಿನಗೆ ಎಷ್ಟು ಬೇಕೋ ಅಷ್ಟು ಬೈ. ಆದರೆ ಮಾನ್ಯಗೆ ಹೇಳಬೇಡ. ಅವಳು ಆ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬರುವುದನ್ನು ಕಾಯುತ್ತಾ ನನ್ನ ವಾರ ಕಳೆಯುತ್ತದೆ. ನಿನಗಾದರೋ ಅವಳಿಲ್ಲದೆ ಬದುಕುವುದು ರೂಢಿಯಾಗಿದೆ. ಇದನ್ನು ಬರೆಯಬಾರದು ಎಂದು ಗೊತ್ತು, ಬರೆದೆ.

ರತ್ನಾವತಿ


ಮೈಸೂರು
30 ಅಕ್ಟೋಬರ್ 2025

ಬೈಠಕ್ಕಿನವರಿಗೆ ನನ್ನ ಮತ ಇದರ ಜೊತೆಗಿದೆ. ಸ್ಪೀಡ್ ಪೋಸ್ಟಿನಲ್ಲಿ ಕಳಿಸುತ್ತಿದ್ದೇನೆ.

ರೆಕಾರ್ಡಿಂಗನ್ನು ನಾನೇ ಮಾನ್ಯಗೆ ಕಳಿಸಬಹುದಿತ್ತು. ಎರಡು ಸಲ ಶೋಭನಾಳ ಫೋನ್ ಕೈಗೆ ತೆಗೆದುಕೊಂಡು ಇಟ್ಟುಬಿಟ್ಟೆ. ನಾನು ಕಳಿಸಿದರೆ, ಅಮ್ಮ ತನ್ನ ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟುತ್ತಿದ್ದಾಳೆ ಅನ್ನುತ್ತಾಳೆ. ಅವಳು ನಿಮ್ಮನ್ನು ನಂಬುತ್ತಾಳೆ, ಅದಕ್ಕೆ ನಿಮ್ಮ ಬಾಯಿಂದಲೇ ಕೇಳಬೇಕು. ಅವಳು ಹಾಡು ಕೇಳಲು ಬರುವವಳಲ್ಲ ಎಂದು ಗೊತ್ತು. ಅವಳನ್ನು ಕರೆಸಿ, ಕೂರಿಸಿ, ಆಮೇಲೆ ನನ್ನ ಲಕೋಟೆ ಒಡೆಯಿರಿ. ಒಂದಕ್ಷರ ಬಿಡದೆ ಓದುವ ನಿಯಮ ನಿಮ್ಮದೇ.

ಓದಿದರೆ ನಾನು ಕ್ಷಮಿಸುತ್ತೇನೆ ಎಂದು ತಿಳಿಯಬೇಡಿ. ಹಾಗೆ ಮಾತು ಕೊಡಲು ನನ್ನಿಂದ ಆಗುವುದಿಲ್ಲ.

ಲೀಲಾ

ಮೊದಲ ಸ್ಥಾನ: ಕೃಷ್ಣವೇಣಿಯವರ ಮಾರ್ವಾ, ನವೆಂಬರ್ 2019. ಮೆಟ್ಟಿಲ ಹತ್ತಿರದ ಮೈಕಿನದ್ದು.
ಕಾರಣ: ಈ ಹತ್ತು ವರ್ಷದಲ್ಲಿ ನಾನು ಕೇಳಿದ್ದರಲ್ಲಿ ಇದಕ್ಕಿಂತ ದೊಡ್ಡದು ಇಲ್ಲ. ಇದರಲ್ಲಿ ನನ್ನ ಗಂಡ ರಂಗನಾಥರ ದನಿ ಇದೆ. ಸಾಯುತ್ತಾ ಅವರು ಮಾಡಿದ ಕರೆಗೆ ನನ್ನ ಫೋನ್ ಅವರದೇ ದನಿಯಲ್ಲಿ ನನ್ನನ್ನು ಕರೆಯಿತು. ಗಟ್ಟಿಯಾಗಿಯೇ ಕರೆಯಿತು. ಈ ಕಾಗದ ಓದುತ್ತಿರುವವರು ಅದನ್ನು ಮುಚ್ಚಿ, ಆಮೇಲೆ ಸೈಲೆಂಟ್ ಮಾಡಿದರು. ಅವರ ದನಿ ಬೇರೆ ಎಲ್ಲೂ ಉಳಿದಿಲ್ಲ. ಮಾನ್ಯ, ನಿನಗೆ ಕೇಳಬೇಕು ಅನ್ನಿಸಿದರೆ ಕೇಳು. ಬೇಡವಾದರೆ ಬೇಡ.
ಎರಡನೆಯ ಸ್ಥಾನ: ಯಾವುದೂ ಇಲ್ಲ.


ಕೋಲ್ಕತ್ತ
18 ನವೆಂಬರ್ 2025

ಲೀಲಾ,

ಮೊನ್ನೆ ಭಾನುವಾರ ಓದಿದೆ.

ನಿನ್ನ ಲಕೋಟೆಯನ್ನು ಒಲೆಗೆ ಹಾಕಲು ಹೋಗಿದ್ದೆ, ಅದನ್ನೂ ಹೇಳಿಬಿಡುತ್ತೇನೆ. ಯಜಮಾನರು ನೋಡಿ ಕೇಳಿದರು. ಅವರಿಗೂ ನಾನು ಹೇಳಿರಲಿಲ್ಲ. ಕೂತು ಎಲ್ಲ ಹೇಳಿದೆ. ಅವರು ಬೈಯಲಿಲ್ಲ. "ಓದು" ಎಂದಷ್ಟೇ ಹೇಳಿ ಗಲ್ಲಾಕ್ಕೆ ಹೋಗಿ ಕೂತರು.

ಮಾನ್ಯಳನ್ನು ಬಡಿಸಲು ಕೈ ಸಾಲದೆಂದು ಸುಳ್ಳು ಹೇಳಿ ಕರೆಸಿದೆ. ಉಳಿದವರ ಮತಗಳನ್ನು ಓದುವಾಗ ಜನ ನಗುತ್ತಿದ್ದರು. ಸಿತಾರಿನ ಹುಡುಗನಿಗಾಗಿ ಇಬ್ಬರು ಜಗಳವಾಡಿದರು. ಮಾರ್ವಾಕ್ಕೇ ಹೆಚ್ಚು ಬಂದಿತ್ತು, ಪ್ರತಿಯೊಬ್ಬರೂ ಆ ಸಂಜೆಯ ನಿಶ್ಶಬ್ದದ ಬಗ್ಗೆ ಬರೆದಿದ್ದರು. ಕೊನೆಗೆ ನಿನ್ನದು ಒಡೆದೆ. "ಈ ಕಾಗದ ಓದುತ್ತಿರುವವರು" ಎಂಬಲ್ಲಿ ಕಾಗದ ಕೆಳಗಿಟ್ಟೆ. ಮತ್ತೆ ಮೊದಲಿನಿಂದ ಓದಿದೆ. ಪೂರ್ತಿ ಓದಿದೆ.

ಹೃಷಿಕೇಶ್ ಅಳತೊಡಗಿದ, ಕೇಳದೆ ಪಕ್ಕಕ್ಕಿಟ್ಟವನು ತಾನು ಎಂದು. ಮಾನ್ಯ ಬಾಗಿಲ ಬಳಿ ನೀರಿನ ಜಗ್ ಹಿಡಿದು ನಿಂತಿದ್ದಳು. "ಪ್ಲೇ ಮಾಡಿ" ಅಂದಳು. ಅವನು ನನ್ನ ಮುಖ ನೋಡಿದ. "ಅವರನ್ನೇನು ನೋಡ್ತೀರಾ, ಪ್ಲೇ ಮಾಡಿ" ಅಂದಳು.

ರಂಗನಾಥರ ದನಿ ಇಡೀ ಮಹಡಿಗೆ ಕೇಳಿತು. ನನ್ನದೂ ಕೇಳಿತು.

ಮುಗಿದ ಮೇಲೆ ಮಾನ್ಯ, "ಯಾವ ಪಾತ್ರೆ?" ಅಂದಳು. ದೊಡ್ಡಮ್ಮ ಅನ್ನಲಿಲ್ಲ. ಕೆಳಗೆ ಕರೆದುಕೊಂಡು ಹೋಗಿ ತೋರಿಸಿದೆ. ಮರುದಿನದ ಹಿಟ್ಟು ತುಂಬಿತ್ತು. "ಇದ್ರಲ್ಲೇ ನನಗೆ ದೋಸೆ ಮಾಡ್ತಿದ್ರಾ? ಇಷ್ಟು ವರ್ಷ?" ಅಂದಳು. ಹೌದೆಂದೆ. ಆಮೇಲೆ ಮೆಟ್ಟಿಲ ಮೇಲೆ ಕೂತು ತನ್ನಷ್ಟಕ್ಕೇ ಹೇಳಿಕೊಂಡಳು: "ಅಮ್ಮನಿಗೆ ನಾನು ಏನೇನೋ ಬರ್ದಿದೀನಿ. ಈಗ ಯಾವ ಮುಖ ಇಟ್ಕೊಂಡು ಕಾಲ್ ಮಾಡ್ಲಿ?" ನಾನು ಹತ್ತಿರ ಹೋದೆ. ಎದ್ದು ಹೋದಳು. ಚಪ್ಪಲಿಯನ್ನು ಕೈಯಲ್ಲೇ ಹಿಡಿದು ಬೀದಿಗೆ ಇಳಿದಳು.

ಈ ಭಾನುವಾರದಿಂದ ಬೈಠಕ್ ಇಲ್ಲ. ಯಾರೂ ಬೇಡವೆಂದು ಹೇಳಲಿಲ್ಲ, ಬರುತ್ತೇವೆಂದೂ ಹೇಳಲಿಲ್ಲ.

ನೀನು ಒಂದು ಫೋನ್ ಇಟ್ಟುಕೋ ಲೀಲಾ. ಅವಳು ಮಾಡಿದರೂ ಮಾಡಬಹುದು. ನನ್ನ ಮೂಲಕ ಬೇಡ, ನಂಬರನ್ನು ಹೃಷಿಕೇಶನಿಗೆ ತಿಳಿಸು, ಅವನು ತಲುಪಿಸುತ್ತಾನೆ.

ರತ್ನಾವತಿ


ಮೈಸೂರು
4 ಜನವರಿ 2026

ರತ್ನಾವತಿಯವರಿಗೆ,

ನೀವು ಓದಿದ್ದು ತಿಳಿಯಿತು. ಇದೇ ನನ್ನ ಕೊನೆಯ ಕಾಗದ. ಉತ್ತರ ಬೇಡ.

ನೀವು ಬರೆದ ವಾರವೇ ಫೋನ್ ತೆಗೆದುಕೊಂಡೆ. ನಂಬರನ್ನು ಮಾನ್ಯಳ ಕೈಗೇ ಕೊಟ್ಟೆ ಎಂದು ಹೃಷಿಕೇಶ್ ಹೇಳಿದ್ದಾನೆ. ಮಡಚಿ ಪರ್ಸಿನೊಳಗೆ ಇಟ್ಟುಕೊಂಡಳಂತೆ.

ಅವಳ ನಂಬರಿಗೆ ಶೋಭನಾ ಕೈಲಿ ಬೇರೆ ರಿಂಗ್ ಹಾಕಿಸಿದ್ದೇನೆ. ಆ ರೆಕಾರ್ಡಿಂಗಿನಿಂದ ಕತ್ತರಿಸಿ ತೆಗೆದದ್ದು, ಹಿಂದೆ ಸ್ವಲ್ಪ ಮಾರ್ವಾ ಕೂಡ ಬರುತ್ತದೆ. ಅವಳು ಫೋನ್ ಮಾಡಿದರೆ ಅವರಪ್ಪ ನನ್ನನ್ನು ಕರೆಯುತ್ತಾರೆ. ಸ್ನಾನಕ್ಕೆ ಹೋದರೂ ಬಾಗಿಲ ಹೊರಗೆ ಸ್ಟೂಲಿನ ಮೇಲೆ ಇಟ್ಟು ಹೋಗುತ್ತೇನೆ. ಸದ್ದು ಪೂರ್ತಿ ಏರಿಸಿದ್ದೇನೆ. ಹಾಡು ಕೇಳುವುದನ್ನು ಬಿಟ್ಟಿದ್ದೇನೆ, ಅದರ ನಡುವೆ ಕರೆದರೆ ಗೊತ್ತಾಗುವುದಿಲ್ಲ ಎಂದು.

ಇನ್ನೂ ಒಂದು ಸಲವೂ ಅವರು ಕರೆದಿಲ್ಲ.

ಲೀಲಾ